ಮೆಟ್ರಿ ನೀರಪ್ಪನ ಟವಲ್ಲು

ನೀರಪ್ಪನವರು ತೀರಿಕೊಂಡರು ಎಂದು ಅಭಯ ಖಾತ್ರಿ ಮಾಡಿಕೊಂಡದ್ದು ಆ ವಾಟ್ಸಾಪ್ ಗುಂಪಿಗೆ ಸೇರಿದ ಮೊದಲ ಸಂಜೆಯೇ.

ಅವನನ್ನು ಸೇರಿಸಿದವನು ಗವಿಸಿದ್ದಪ್ಪ. ಅಭಯನ ಅಜ್ಜಿ ಸರಸ್ವತೀಬಾಯಿಯವರಿಗೆ ಮೆಟ್ರಿಯಲ್ಲಿ ತವರಿನ ಪಾಲಾಗಿ ಬಂದ ಒಂದಿಷ್ಟು ಗದ್ದೆಯಿತ್ತು. ಅದನ್ನು ಪಾಲಿಗೆ ಮಾಡುತ್ತಿದ್ದ ಗವಿಸಿದ್ದಪ್ಪ, ಚಿತ್ತವಾಡ್ಗಿಯ ಅಜ್ಜಿಯ ಮನೆಯಲ್ಲಿ ಓದಿದ ಹುಡುಗನೊಬ್ಬನಿದ್ದಾನೆ, ನೀರಿನ ಸುದ್ದಿ ಅವನ ಫೋನಿಗೂ ಬೀಳಲಿ ಎಂದುಕೊಂಡ. ಓದಿದ ಹುಡುಗ ಮಾಡುತ್ತಿದ್ದ ಕೆಲಸವೆಂದರೆ ಹೊಸಪೇಟೆಯ ಫ್ಲೆಕ್ಸ್ ಅಂಗಡಿಯೊಂದರಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಮರಿ ಲೀಡರುಗಳ ಮುಖದ ಮೊಡವೆ ಅಳಿಸುವುದು. ಹುಟ್ಟುಹಬ್ಬದ ಶುಭಾಶಯ ಮತ್ತು ಭಾವಪೂರ್ಣ ಶ್ರದ್ಧಾಂಜಲಿ, ಈ ಎರಡು ನಮೂನೆಯಲ್ಲಿ ಅವನ ಕೈ ಎಷ್ಟು ಪಳಗಿತ್ತೆಂದರೆ, ಒಮ್ಮೆ ಒಂದರ ಹೂವು ಇನ್ನೊಂದಕ್ಕೆ ಹೋಗಿ ಬದುಕಿದ್ದವರೊಬ್ಬರು ಅಂಗಡಿಗೆ ಬಂದು ಕೂಗಾಡಿದ್ದರು.

ಗುಂಪಿನ ಹೆಸರು 'ಮೆಟ್ರಿ ಕಾಲುವೆ ಮಂದಿ'. ಹೊಸದಾಗಿ ಸೇರಿದವರಿಗೆ ಹಳೆಯ ಮಾತುಗಳು ಕಾಣುವುದಿಲ್ಲ. ಹಾಗಾಗಿ ಅಭಯನಿಗೆ ಕಂಡದ್ದು ಆ ಸಂಜೆಯ ಮಾತು ಮಾತ್ರ. ನೀರಪ್ಪ ಮಲಗಿದ ಎಂದು ಒಬ್ಬರು ಬರೆದಿದ್ದರು. ಹೋಗಿ ಬಾರಪ್ಪ ಎಂದು ಇನ್ನೊಬ್ಬರು. ಪುಣ್ಯಾತ್ಮ, ಈ ವರ್ಷ ಯಾರಿಗೂ ಮೋಸ ಮಾಡಲಿಲ್ಲ ಎಂದು ಮತ್ತೊಬ್ಬರು. ಕೆಳಗೆ ಸಾಲುಸಾಲಾಗಿ ಕೈ ಮುಗಿದ ಚಿತ್ರಗಳು. ಅಭಯನ ಕಣ್ಣು ಒದ್ದೆಯಾಯಿತು. ಆಗಲೇ ಅವನ ಬೆರಳು, ಎಲ್ಲೋ ಮೂಲೆಯಲ್ಲಿದ್ದ ವ್ಯಾಪಾರಬುದ್ಧಿಯೂ ಸೇರಿ, ಟೈಪು ಮಾಡತೊಡಗಿತು. ಹಿರಿಯರ ಆತ್ಮಕ್ಕೆ ಶಾಂತಿ ಸಿಗಲಿ, ಚೆನ್ನಾಗಿರುವ ಒಂದು ಫೋಟೋ ಕಳಿಸಿದರೆ ಊರ ಮುಂದೆ ಹಾಕಲು ಫ್ಲೆಕ್ಸ್ ತಾನೇ ಮಾಡಿಕೊಡುತ್ತೇನೆ, ಇದು ತನ್ನ ಅಳಿಲುಸೇವೆ ಎಂದು ಬರೆದ.

 ಆಮೇಲೆ ಯಾರೋ ಫೋಟೋ ಕಳಿಸಿದರು. ಹೆಗಲ ಮೇಲೆ ಟವಲ್ಲು ಹಾಕಿಕೊಂಡು, ಹೊಟ್ಟೆ ಮೇಲೆ ಮಾಡಿ ಮಲಗಿದ ಒಂದು ನೀರುನಾಯಿಯ ಚಿತ್ರ. ಒಂದು ಕಿವಿ ದೊಡ್ಡದು, ಒಂದು ಸಣ್ಣದು.

ಅಭಯ ಸಿಟ್ಟಿನಿಂದ ಕೆಂಪಾದ. ಸತ್ತವರ ಬಗ್ಗೆ ಹೀಗೆ ತಮಾಷೆ ಮಾಡುವುದು ನಮ್ಮ ಸಂಸ್ಕೃತಿಯಲ್ಲ ಎಂದು ಒಂದು ಪುಟ ಬರೆದು ಹಾಕಿದ. ಆಗ ಫೋನು ಬಂತು. ಹೆಂಗಸಿನ ದನಿ, ನಗು ತಡೆದು ತಡೆದು ದಣಿದ ದನಿ.

"ತಮ್ಮಾ, ನಾನು ಮೆಟ್ರಿ ಸುಮಲತಾ. ನೀರಪ್ಪ ಸತ್ತಿಲ್ಲಪ್ಪ. ಇವತ್ತು ಕಾಲುವಿ ಬಂದ್ ಆತು, ಅದಕ್ಕ ಮಲಗ್ಯಾನ. ನೀರು ಬಿಟ್ಟ ದಿನ ಏಳ್ತಾನ. ನೀನು ಅಲ್ಲೀತನಕ ಫ್ಲೆಕ್ಸ್ ಹೊಡಿಬ್ಯಾಡ."

ಮುಂದಿನ ಒಂದು ವರ್ಷ ಅಭಯ ಯಾವ ಮಾತು ಹಾಕಿದರೂ ಗುಂಪಿನವರು "ನಮಸ್ಕಾರ, ಶ್ರದ್ಧಾಂಜಲಿ ಅಣ್ಣಾರೆ" ಎಂದೇ ಶುರು ಮಾಡುತ್ತಿದ್ದರು.

ಆದರೆ ಆ ಸಂಜೆಯಿಂದ ಅವನಿಗೆ ನೀರಪ್ಪನ ಕತೆ ತಿಳಿಯಿತು. ಮೆಟ್ರಿಯ ಸುತ್ತ ಹರಿಯುವ ಉಪಕಾಲುವೆಗೆ ಉದ್ದಕ್ಕೂ ತೂಬುಗಳಿವೆ. ಮೇಲಿನ ತೂಬುಗಳವರಿಗೆ ಒಂದಷ್ಟು ದಿನ, ಆಮೇಲೆ ಕೆಳಗಿನವರಿಗೆ ಒಂದಷ್ಟು ದಿನ, ಹೀಗೆ ಪಾಳಿಯ ಮೇಲೆ ನೀರು. ಕೆಳಗಿನವರ ಪಾಳಿ ಬಂದಾಗ ಮೇಲಿನವರು ತೂಬು ಮುಚ್ಚಬೇಕು. ಮುಚ್ಚಿದರೆ ಮಾತ್ರ ನೀರು ತುದಿ ಮುಟ್ಟುತ್ತದೆ. ಕೇಳಲು ಇಷ್ಟೇ. ಆದರೆ ಯಾರು ಮುಚ್ಚಬೇಕು, ಯಾವಾಗ ಮುಚ್ಚಬೇಕು, ಮುಚ್ಚು ಎಂದು ಹೇಳಲು ನೀನು ಯಾವ ಊರ ದೊರೆ ಎಂಬ ಮಾತಿನಲ್ಲೇ ಎಷ್ಟೋ ಮುಂಗಾರುಗಳು ಕಳೆದುಹೋಗಿದ್ದವು. ಗುಂಪು ಕಟ್ಟಿದ ಮೇಲೂ ಅದೇ ಜಗಳ. ಬದುವಿನ ಮೇಲೆ ಬಾಯಲ್ಲಿ ಬೈಯುತ್ತಿದ್ದವರು ಫೋನಿನಲ್ಲಿ ಟೈಪು ಮಾಡಿ ಬೈಯತೊಡಗಿದ್ದರು, ಅಷ್ಟೇ.

ಸುಮಲತಾ ಸಂಡೂರು ಕಡೆಯ ಹೆಣ್ಣುಮಗಳು. ಅಪ್ಪ ಅದಿರಿನ ಟಿಪ್ಪರ್ ಓಡಿಸುತ್ತಿದ್ದ. ಕೆಂಧೂಳು ಕೂತ ಬಟ್ಟೆ ಒಗೆದು ಒಗೆದು ಬೇಸತ್ತ ಅವ್ವ ಮಗಳನ್ನು ಹೊಲಿಗೆ ಕಲಿಯಲು ಹಾಕಿದಳು. ಮದುವೆಯಾಗಿ ಮೆಟ್ರಿಗೆ ಬಂದಾಗ ಜೊತೆಗೆ ಹೊಲಿಗೆ ಯಂತ್ರವೂ ಬಂತು. ಗಂಡ ಪಂಪೇಶ್, ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸಗಾರ. ಒಂದು ವಾರ ಹಗಲು, ಒಂದು ವಾರ ರಾತ್ರಿ, ಉಳಿದ ಹೊತ್ತು ನಿದ್ದೆ. ಹೀಗಾಗಿ ಕಾಲುವೆಯ ಕೊಟ್ಟ ಕೊನೆಯಲ್ಲಿದ್ದ ಅವರ ಗದ್ದೆಯ ನೀರಿನ ಪಂಚಾಯ್ತಿ ಇವಳ ಪಾಲಿಗೆ ಬಿತ್ತು. ಒಂದು ಬೆಳಿಗ್ಗೆ ಗುಂಪಿನಲ್ಲಿ ಇಬ್ಬರು ಒಬ್ಬರ ವಂಶವನ್ನು ಒಬ್ಬರು ಜಾಲಾಡುತ್ತಿದ್ದಾಗ, ಸುಮಲತಾ ಬ್ಲೌಸ್ ಗುರುತು ಹಾಕುವ ಚಾಕ್‌ಪೀಸಿನಿಂದ ಕಪ್ಪು ಬಟ್ಟೆಯ ತುಂಡಿನ ಮೇಲೆ ಒಂದು ನೀರುನಾಯಿ ಬರೆದಳು. ಕಂಪ್ಲಿ ಹೊಳೆಯಲ್ಲಿ ಹರಗೋಲಿನಿಂದ ನೋಡಿದ್ದ ಪ್ರಾಣಿ. ಊರ ಗೌಡರ ಹಾಗೆ ತೂಬಿನ ಮೇಲೆ ಕಾಲ ಮೇಲೆ ಕಾಲು ಹಾಕಿ, ಹೆಗಲಿಗೆ ಟವಲ್ಲು ಹಾಕಿ ಕುಳಿತ ಹಾಗೆ ಬರೆದಳು. ಬರೆಯುವಾಗ ಬಟ್ಟೆ ಜರುಗಿ ಒಂದು ಕಿವಿ ದೊಡ್ಡದಾಯಿತು. ಫೋಟೋ ತೆಗೆದು, ಇವರು ನೀರಪ್ಪ, ಮೇಲಿನವರು ತೂಬು ಮುಚ್ಚಬೇಕಂತ ಹೇಳ್ಯಾರ ಎಂದು ಹಾಕಿದಳು.

ಬೈದಾಡುತ್ತಿದ್ದ ಇಬ್ಬರಿಗೂ ನಗು ಬಂತು. ನಕ್ಕ ಮೇಲೆ ಬೈಗುಳ ಮುಂದುವರಿಸುವುದು ಕಷ್ಟ. ಒಬ್ಬ ಹೋಗಿ ತೂಬು ಮುಚ್ಚಿದ.

ಅಲ್ಲಿಂದ ನೀರಪ್ಪನಿಗೆ ನಾಲ್ಕು ಅವತಾರಗಳಾದವು. ಕಾಲ ಮೇಲೆ ಕಾಲು ಹಾಕಿ ಕುಳಿತರೆ ಮೇಲಿನವರ ಪಾಳಿ ಮುಗಿಯಿತು, ತೂಬು ಮುಚ್ಚಿ ಎಂದರ್ಥ. ಈಜುತ್ತಿದ್ದರೆ ನೀರು ಬಂತು. ಮಲಗಿದ್ದರೆ ಕಾಲುವೆ ಬಂದ್. ತಲೆ ಕೆರೆದುಕೊಳ್ಳುತ್ತಿದ್ದರೆ ಏನೂ ಗೊತ್ತಿಲ್ಲ, ಯಾರಾದರೂ ಹೋಗಿ ನೋಡಿ ಬರ್ರಿ. ಇದಕ್ಕೊಂದು ಕಟ್ಟಳೆಯೂ ಬೆಳೆಯಿತು. ನೀರಿನ ಹತ್ತಿರ ನಿಂತು ಕಣ್ಣಾರೆ ಕಂಡವರು ಮಾತ್ರ ನೀರಪ್ಪನನ್ನು ಗುಂಪಿಗೆ ಬಿಡಬೇಕು. ಹೊಸಬರು ಮೊದಲ ಸಲ ಬಿಡುವ ಮುಂಚೆ ತೂಬಿಗೆ ಬಂದು ನಾಲ್ಕು ಮಂದಿಯ ಎದುರು ಕೈ ಒದ್ದೆ ಮಾಡಿಕೊಳ್ಳಬೇಕು. ಗುಡ್ ಮಾರ್ನಿಂಗಿಗೆ, ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ನೀರಪ್ಪನನ್ನು ಎಳೆದು ತರುವ ಹಾಗಿಲ್ಲ. ಒಮ್ಮೆ ಒಬ್ಬ ಯುಗಾದಿಗೆ ಈಜುವ ನೀರಪ್ಪನನ್ನು ಹಾಕಿದ್ದಕ್ಕೆ ಗುಂಪಿನವರು ಒಂದು ತಿಂಗಳು ಅವನ ಯಾವ ಮಾತಿಗೂ ಉತ್ತರ ಕೊಡಲಿಲ್ಲ.

ಅಕ್ಷರ ಕೂಡಿಸಿ ಓದಲು ಬಾರದವರಿಗೂ ನೀರಪ್ಪ ಓದಲು ಬರುತ್ತಿದ್ದ. ಟಿ.ಬಿ. ಡ್ಯಾಮಿನಿಂದ ನೀರು ಬಿಟ್ಟ ಸುದ್ದಿ ಟಿವಿಯಲ್ಲಿ ಬಂದರೂ ನೀರಪ್ಪ ಏಳುವ ತನಕ ಮೆಟ್ರಿಯ ಮಂದಿ ಸಲಿಕೆ ಎತ್ತುತ್ತಿರಲಿಲ್ಲ.

ಇದೆಲ್ಲ ಗೊತ್ತಿದ್ದೂ ಅಭಯ ಅದನ್ನು ಮಾಡಿದ. ಮಾಡಿದ ಎನ್ನುವುದಕ್ಕಿಂತ, ಅಂಗಡಿಯ ಮಾಲೀಕ ಕನಕರಾಜ್ ಮಾಡು ಎಂದ, ಇವನು ಮಾಡಿದ. ಸಂಬಳದವರ ಶೌರ್ಯವೆಲ್ಲ ಹೀಗೇ ಇರುತ್ತದೆ. ಕಂಪ್ಲಿಯಲ್ಲಿ ಬೀಜ, ಗೊಬ್ಬರ, ಔಷಧಿ ಅಂಗಡಿ ಇಟ್ಟಿದ್ದ ಕಿರಣ್ ಕುಮಾರ್ ಒಂದು ದಿನ ಫ್ಲೆಕ್ಸ್ ಅಂಗಡಿಗೆ ಬಂದು, ಈ ಪ್ರಾಣಿ ನಮ್ಮ ಕಡೆ ಭಾಳ ಫೇಮಸ್ಸು, ಇದರ ಕೈಯಲ್ಲಿ ನಮ್ಮ ಔಷಧಿ ಬಾಟಲಿ ಹಿಡಿಸಿ ಒಂದು ಮಸ್ತ್ ಡಿಸೈನು ಬೇಕು ಎಂದು ಫೋನು ತೋರಿಸಿದ. ತೋರಿಸಿದ್ದು ಕುಳಿತ ನೀರಪ್ಪನನ್ನು. ಸಾಲು ಕೂಡ ಅವನದೇ: 'ಹುಳದ ಚಿಂತೆ ಬಿಡಿ, ಕಾಲ ಮೇಲೆ ಕಾಲು ಹಾಕಿ ಕುಳಿತುಕೊಳ್ಳಿ.'

ಅಭಯ ಒಂದು ಸಲ ಮೆಲ್ಲಗೆ, ಸರ್, ಇದು ನೀರಿನ ಗುಂಪಿನ ಗುರುತು ಎಂದ. ಕನಕರಾಜ್ ಕನ್ನಡಕದ ಮೇಲಿಂದ ನೋಡಿದ. ಅಭಯ ಮೌಸ್ ಹಿಡಿದ. ಹಿಡಿದ ಮೇಲೆ ಕಸುಬಿನ ಚಟ ತಡೆಯಲಾಗಲಿಲ್ಲ. ಮೈಗೆ ಹೊಳಪು ಕೊಟ್ಟ. ಕಪ್ಪು ಕನ್ನಡಕ ಹಾಕಿದ. ಕಂಪನಿಯ ಬಣ್ಣಕ್ಕೆ ಒಪ್ಪಲಿ ಎಂದು ಬಿಳಿ ಟವಲ್ಲಿಗೆ ಹಸಿರು ತುಂಬಿದ. ಎರಡೂ ಕಿವಿ ಸಮ ಮಾಡಿದ. ನೋಡಿದರೆ ಚುನಾವಣೆಗೆ ನಿಂತ ನೀರುನಾಯಿಯ ಹಾಗಿತ್ತು. ಕಿರಣ್ ಕುಮಾರ್ ಖುಷಿಯಾಗಿ, ಇದನ್ನು ಸ್ಟಿಕರ್ ಮಾಡಿಯೂ ಕೊಡು, ನಮ್ಮ ಹುಡುಗರು ಎಲ್ಲಾ ಗುಂಪಿಗೂ ಬಿಡುತ್ತಾರೆ ಎಂದ. ಅದನ್ನೂ ಮಾಡಿಕೊಟ್ಟ.

ನಾಟಿಯ ಹೊತ್ತು. ಮೇಲಿನವರ ಪಾಳಿ ನಡೆಯುತ್ತಿತ್ತು. ಮೇಲ್ತೂಬಿನ ಹಿರಿಯ ಉಚ್ಚೆಂಗಪ್ಪ ಗದ್ದೆಗೆ ನೀರು ಕಟ್ಟಿ, ನಾಟಿಯ ಹೆಣ್ಣಾಳುಗಳನ್ನು ಕರೆಸಿದ್ದ. ಬೆಳಿಗ್ಗೆ ಫೋನು ಟಣ್ ಎಂದಿತು. ನೋಡಿದರೆ ನೀರಪ್ಪ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದಾನೆ. ಉಚ್ಚೆಂಗಪ್ಪನ ಕಣ್ಣಿಗೆ ಆ ಸಣ್ಣ ಬಾಟಲಿ ಕಾಣಲಿಲ್ಲ. ಇಷ್ಟು ಬೇಗ ಪಾಳಿ ಮುಗಿಯಿತೇ ಎಂದು ಗೊಣಗಿದ, ಆದರೆ ಹೋಗಿ ತೂಬು ಮುಚ್ಚಿದ. ಉಳಿದವರೂ ಮುಚ್ಚಿದರು. ಬಾಟಲಿ ಕಂಡ ಕೆಳಗಿನವರು, ಇದು ಜಾಹೀರಾತು, ತಮ್ಮ ಪಾಳಿ ಇನ್ನೂ ದೂರವಿದೆ ಎಂದು ಗದ್ದೆಯ ಬಾಯಿ ಕಟ್ಟಿಕೊಂಡೇ ಇದ್ದರು. ಮಧ್ಯಾಹ್ನದವರೆಗೆ ಅಷ್ಟೂ ನೀರು ಯಾರ ಗದ್ದೆಗೂ ತಿರುಗದೆ ಕೊನೆಯ ಹಳ್ಳಕ್ಕೆ ಬಿದ್ದು ಹೋಯಿತು. ಉಚ್ಚೆಂಗಪ್ಪನ ಹೆಣ್ಣಾಳುಗಳು ಅರೆ ಕೆಸರಿನಲ್ಲಿ ಸಸಿ ಹಿಡಿದು ನಿಂತು, ಮುಂದೇನ್ರಿ ಗೌಡ್ರ ಎಂದು ಕೇಳಿ ಕೇಳಿ ಮನೆಗೆ ಹೋದರು.

ಸಂಜೆ ಉಚ್ಚೆಂಗಪ್ಪ ಗುಂಪು ಬಿಟ್ಟ. ಬಿಡುವ ಮುಂಚೆ ದನಿಯಲ್ಲಿ ಒಂದು ಮಾತು ಕಳಿಸಿದ: ಇನ್ನು ಮುಂದೆ ನೀರುನಾಯಿ ಹೇಳಿತು ಅಂತ ನನ್ನ ತೂಬು ಮುಚ್ಚಂಗಿಲ್ಲ. ಅವನ ಹಿಂದೆ ಮೇಲಿನ ಇನ್ನಷ್ಟು ಮಂದಿ ಹೋದರು. ಮುಂದಿನ ಪಾಳಿ ಕೆಳಗಿನವರದು. ನೀರಪ್ಪ, ಅಂದರೆ ನಿಜವಾದ ನೀರಪ್ಪ, ಕುಳಿತ. ಮೇಲೆ ಯಾರೂ ತೂಬು ಮುಚ್ಚಲಿಲ್ಲ. ಯಾವ ನೀರಪ್ಪ, ಬಾಟಲಿಯವನೋ, ಖಾಲಿ ಕೈಯವನೋ ಎಂದು ಕೇಳಿ ನಕ್ಕರು. ಆ ಪಾಳಿ ತುದಿಗೆ ಒಂದು ಬೊಗಸೆ ನೀರೂ ಬರದೆ ಮುಗಿಯಿತು.

ಸುಮಲತಾಳ ಸಸಿಮಡಿ ಎದ್ದು ನಿಂತಿತ್ತು. ಸಸಿ ಬಲಿತರೆ ನೆಟ್ಟರೂ ಬುಡದಿಂದ ತೆಂಡೆ, ಅಂದರೆ ಮರಿಪೈರು, ಒಡೆಯುವುದಿಲ್ಲ. ಇನ್ನೊಂದು ಪಾಳಿ ಮಾತ್ರ ಅವಳ ಕೈಯಲ್ಲಿತ್ತು. ಅದರೊಳಗೆ ಮೇಲಿನವರು ಮತ್ತೆ ನೀರಪ್ಪನನ್ನು ನಂಬದಿದ್ದರೆ ಆ ಮಡಿಯನ್ನು ಎಮ್ಮೆಗೆ ಮೇಯಿಸುವುದೊಂದೇ ದಾರಿ.

ಅವಳು ಬಸ್ಸು ಹತ್ತಿ ಹೊಸಪೇಟೆಗೆ ಬಂದಳು. ಅಭಯ ಅವಳನ್ನು ಎದುರು ಕಂಡದ್ದು ಅದೇ ಮೊದಲು. ಫೋನಿನ ದನಿಗೆ ಅವನು ಕಟ್ಟಿಕೊಂಡಿದ್ದ ದೊಡ್ಡ ಆಳಿನ ಬದಲು, ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡೇ ಬಂದಿದ್ದ ಒಬ್ಬ ತೆಳ್ಳನೆಯ ಹೆಂಗಸು. ತೆಗೆಯಲು ಮರೆತಿರಬೇಕು. ಗೋಡೆಗೆ ಒರಗಿಸಿದ್ದ ನೀರಪ್ಪನ ಬ್ಯಾನರನ್ನು ನೋಡಿ, ಇದನ್ನು ಬರೆದವರು ಯಾರು ಎಂದು ಕೇಳಿದಳು. ಕನಕರಾಜ್ ಬಿಲ್ಲು ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದ. ಅಭಯ ಶಾಲೆಯ ಹುಡುಗನ ಹಾಗೆ ಕೈ ಎತ್ತಿದ. ಕ್ಷಮೆ ಕೇಳುವ ಒಂದು ಉದ್ದನೆಯ ಮಾತು ಅವನ ಬಾಯಿಗೆ ಬಂದಿತ್ತು. ಅವಳಿಗೆ ಅದನ್ನು ಕೇಳಲು ಪುರಸೊತ್ತಿರಲಿಲ್ಲ.

"ಬರೆದಾಂವ ನೀನಾದ್ರ ನಡಿ, ಕಂಪ್ಲಿಗೆ ಹೋಗೋಣು. ನಿನ್ನ ಗಾಡಿ ಐತಲ್ಲ?"

ಗಾಡಿ ಇತ್ತು. ಧೈರ್ಯ ಇರಲಿಲ್ಲ. ಕನಕರಾಜನ ಮುಖ ನೋಡದೆ ಅಭಯ ಹೆಲ್ಮೆಟ್ ಎತ್ತಿಕೊಂಡ.

ಕಿರಣ್ ಕುಮಾರ್ ಕೆಟ್ಟವನಲ್ಲ. ಚಹಾ ತರಿಸಿದ. ಅಕ್ಕಾವ್ರ ಎಂದು ಕರೆದು ಫ್ಯಾನಿನ ಕೆಳಗೆ ಕೂರಿಸಿದ. ಅವಳು, ಬ್ಯಾನರ್ ಇರಲಿ, ಸ್ಟಿಕರ್ ಒಂದನ್ನು ನಿಲ್ಲಿಸಿ, ನೀರು ಹಾದಿ ತಪ್ಪುತ್ತಿದೆ ಎಂದಳು. ಅವನಿಗೆ ಅದು ಅರ್ಥವೇ ಆಗಲಿಲ್ಲ. ಅವನ ಪ್ರಕಾರ ಇದು ನೀರಪ್ಪನಿಗೆ ಬಂದ ಬಡ್ತಿ. ಮೆಟ್ರಿಯ ನಾಲ್ಕು ಮಂದಿಗೆ ಗೊತ್ತಿದ್ದವನು ಈಗ ಕಂಪ್ಲಿ ತಾಲ್ಲೂಕಿಗೆಲ್ಲ ಗೊತ್ತಾಗಿದ್ದಾನೆ. ಬೇಕಾದರೆ ಮುಂದಿನ ಬ್ಯಾನರಿನಲ್ಲಿ ಅವಳ ಫೋಟೋವನ್ನೂ ಪಕ್ಕದಲ್ಲಿ ಹಾಕಿಸುತ್ತಾನೆ. ಹುಡುಗರು ಈಗಾಗಲೇ ಊರೂರಿಗೆ ಕಳಿಸಿಯಾಗಿದೆ, ಹೋದದ್ದನ್ನು ವಾಪಸ್ ತರಲು ಅದೇನು ಬೀಜದ ಚೀಲವೇ ಎಂದು ನಕ್ಕ. ಸುಮಲತಾ ಚಹಾ ಮುಗಿಸಿ, ಲೋಟ ಕೆಳಗಿಟ್ಟು ಎದ್ದಳು.

ದಾರಿಯಲ್ಲಿ ಒಂದು ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ ಅಭಯ ಒಂದು ಉಪಾಯ ಹೇಳಿದ. ಈ ನೀರಪ್ಪ ಹಾಳಾದ, ಬಿಟ್ಟುಬಿಡಿ. ಹೊಸ ಪ್ರಾಣಿ ಒಂದನ್ನು ತಾನು ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತೇನೆ, ಮೊಸಳೆ ಬೇಕಾದರೆ ಮೊಸಳೆ, ದರೋಜಿ ಕರಡಿ ಬೇಕಾದರೆ ಕರಡಿ. ಇಲ್ಲವೇ ಪ್ರಾಣಿಯ ಗೊಡವೆಯೇ ಬೇಡ, ತೂಬು ಮುಚ್ಚಿ ಎಂದು ಅವಳೇ ಹೆಸರು ಹಾಕಿ ಬರೆಯಲಿ, ಫೋಟೋ ಹಾಕಲಿ. ಹೇಳುತ್ತಿದ್ದಂತೆ ತನ್ನ ಮಾತು ತನಗೇ ಭಾಳ ಜಾಣತನದ್ದು ಅನ್ನಿಸಿತು.

"ನಾ ಬರೆದ್ರ ಅಕಿ ಯಾರು ಹೇಳಾಕಿ ಅಂತಾರ," ಎಂದಳು ಸುಮಲತಾ. "ಗವಿಸಿದ್ದಪ್ಪಣ್ಣ ಬರೆದ್ರ ಅಂವ ಆ ಪಾರ್ಟಿಯಾಂವ ಅಂತಾರ. ನೀರಪ್ಪಗ ಜಾತಿಲ್ಲ, ಪಾರ್ಟಿಲ್ಲ, ಹೊಲಾನೂ ಇಲ್ಲ. ಅವನ ಮಾತಿಗೆ ತೂಬು ಮುಚ್ಚಿದ್ರ ಯಾರಿಗೂ ಸೋತಂಗ ಆಗಂಗಿಲ್ಲ. ಮೊಸಳಿ ತಂದ್ರ ಮತ್ತ ಮೊದಲಿಂದ ನಂಬಿಸಬೇಕು. ಅಷ್ಟೊತ್ತಿಗೆ ನನ್ನ ಸಸಿ ಮುದುಕಾಗ್ತಾವ."

 ಅವಳು ರಸ್ತೆಯ ಆಚೆ ತೂಗುತ್ತಿದ್ದ ನೀರಪ್ಪನ ಬ್ಯಾನರನ್ನೇ ನೋಡುತ್ತ ನಿಂತಿದ್ದಳು. ಸ್ವಲ್ಪ ಹೊತ್ತಿಗೆ, ಅವನ ಟವಲ್ಲಿಗೆ ಹಸಿರು ಯಾಕೆ ಹಾಕಿದೆ ಎಂದು ಕೇಳಿದಳು. ಕಂಪನಿಯ ಬಣ್ಣ ಎಂದ. ಬದಲಾಯಿಸುತ್ತಾರೇನು ಎಂದಳು. ಅಷ್ಟು ಬ್ಯಾನರ್ ಹೊಡೆಸಿದ ಮೇಲೆ ಯಾರು ಬದಲಾಯಿಸುತ್ತಾರೆ ಎಂದ.

"ಹಂಗಾದ್ರ ಅವ್ರದು ಹಸರ ಇರ್ಲಿ," ಎಂದಳು. "ನಮ್ಮಾಂವ ಪಾಳಿಗೊಂದು ಟವಲ್ ಹಾಕ್ಕೊಳ್ಳಿ."

ಅವಳ ಲೆಕ್ಕ ಸರಳವಾಗಿತ್ತು. ಪ್ರತಿ ಪಾಳಿಗೂ ಟವಲ್ಲಿನ ಬಣ್ಣ ಬೇರೆ. ಯಾವ ಬಣ್ಣ ಎಂಬುದನ್ನು ಗುಂಪಿನಲ್ಲಿ ಬರೆಯುವ ಹಾಗಿಲ್ಲ. ಪಾಳಿ ಬದಲಾಗುವ ಮುಂಚೆ ಮನೆಗೊಬ್ಬರು ತೂಬಿಗೆ ಬರಬೇಕು, ಕೈ ಒದ್ದೆ ಮಾಡಿಕೊಳ್ಳಬೇಕು, ಬಣ್ಣವನ್ನು ಕಿವಿಯಲ್ಲಿ ಕೇಳಿಕೊಂಡು ಹೋಗಬೇಕು. ಫೋನಿನಲ್ಲಿ ಬೇರೆ ಬಣ್ಣದ ನೀರಪ್ಪ ಬಂದರೆ ಅವನು ಯಾರದೋ ನೆಂಟ, ನಮ್ಮವನಲ್ಲ.

ಬಣ್ಣ ತುಂಬುವ ಕೆಲಸ ತನಗೆ ಕೊಡಿ, ಅಂಚು ಸಾಫು ಮಾಡಿಕೊಡುತ್ತೇನೆ ಎಂದು ಅಭಯ ಗೋಗರೆದ. ಕಿವಿ ಮುಟ್ಟಬೇಡ ಎಂದು ಅವಳು ಗದರಿದಳು. ಕೊನೆಗೆ ಕೆಲಸವೇನೋ ಸಿಕ್ಕಿತು: ಗಾಡಿ ಹೊಡೆಯುವುದು.

ರವಿವಾರ ಇಡೀ ದಿನ, ಆಮೇಲೆ ಕೆಲಸ ಬಿಟ್ಟ ಸಂಜೆಗಳಲ್ಲಿ, ಅವನು ಅವಳನ್ನು ಹಿಂದೆ ಕೂರಿಸಿಕೊಂಡು ಕಾಲುವೆಯ ಏರಿಯ ಮೇಲೆ ತಿರುಗಿದ. ಗುಂಪಿನಲ್ಲಿ ಹೆಸರು ಮಾತ್ರವಾಗಿದ್ದವರಿಗೆಲ್ಲ ಈಗ ಮುಖ ಬಂತು. ಕೆಲವರು ನಕ್ಕರು. ಕೆಲವರು, ಫೋನು ಇರುವುದೇ ಮನೆಯಲ್ಲಿ ಕುಳಿತು ತಿಳಿಯಲಿ ಎಂದು, ಮತ್ತೆ ತೂಬಿಗೆ ಬಾ ಎಂದರೆ ಫೋನ್ಯಾಕೆ ಎಂದರು. ಅದಕ್ಕೆ ಅವಳು, ತೂಬಿಗೆ ಒಂದು ಸಲ ಬರ್ರಿ, ಹತ್ತು ಸಲ ಬರೋದು ತಪ್ಪತೈತಿ ಎನ್ನುತ್ತಿದ್ದಳು. ಒಂದು ಮನೆಯಲ್ಲಿ ಬಾಗಿಲು ಹಾಕಿಕೊಂಡರು. ಅವಳು ಕಟ್ಟೆಯ ಮೇಲೆ ಕುಳಿತು ಆ ಮನೆಯ ಸೊಸೆಯ ಬ್ಲೌಸಿನ ತೋಳು ಸರಿಮಾಡಿ ಕೊಟ್ಟು, ಮಾತು ಮುಗಿಸಿಯೇ ಎದ್ದಳು. ಅವಳಿಗೆ ಸಿಟ್ಟು ಬರುತ್ತಿರಲಿಲ್ಲ ಎಂದಲ್ಲ. ಅಭಯ ಗುಂಡಿಗೆ ಗಾಡಿ ಇಳಿಸಿದಾಗೆಲ್ಲ ಆ ಸಿಟ್ಟು ಅವನ ಮೇಲೆ ಇಳಿಯುತ್ತಿತ್ತು.

ಉಚ್ಚೆಂಗಪ್ಪನ ಮನೆಯನ್ನು ಅವಳು ಕೊನೆಗೆ ಇಟ್ಟುಕೊಂಡಿದ್ದಳು. ಅವನ ತೂಬೇ ದೊಡ್ಡದು. ಅದು ಮುಚ್ಚದಿದ್ದರೆ ಉಳಿದವೆಲ್ಲ ಮುಚ್ಚಿಯೂ ಪ್ರಯೋಜನವಿಲ್ಲ. ಅವನು ಪಡಸಾಲೆಯಲ್ಲಿ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಬರ್ರಿ, ಕುಂದ್ರಿ ಎಂದ. ನೀರು ಕೊಡಿಸಿದ. ಆಮೇಲೆ, ನೀರುನಾಯಿಯ ಮಾತು ಎತ್ತಬೇಡ, ಬೇರೆ ಏನು ಬೇಕಾದರೂ ಮಾತಾಡು ಎಂದ. ನಾಲ್ಕು ಊರಿನ ಹೆಣ್ಣಾಳುಗಳ ಎದುರು ತನ್ನ ಮರ್ಯಾದೆ ಹೋಯಿತು, ನೀರು ಹೋದದ್ದಕ್ಕಿಂತ ಅದು ಹೆಚ್ಚು ಎಂದ. ಹೇಳುತ್ತ ಹೇಳುತ್ತ ದನಿ ಏರಿತು.

"ಮಾವಾರೆ, ನಿಮಗ ಇಷ್ಟು ಸಿಟ್ಟು ಬಂದೈತಿ ಅಂದ್ರ ನೀವು ಅವನ್ನ ನಂಬಿದ್ರಿ ಅಂತಾತು," ಎಂದಳು ಸುಮಲತಾ. "ನಂಬಲಾರದವ್ರಿಗೆ ಸಿಟ್ಯಾಕ ಬರ್ತೈತಿ?"

ಉಚ್ಚೆಂಗಪ್ಪ ಎಲೆಯ ತೊಟ್ಟು ಮುರಿಯುತ್ತ, ಬರಂಗಿಲ್ಲ ಅಂದ್ರ ಬರಂಗಿಲ್ಲ ಎಂದ.

ಹೊರಗೆ ಗಾಡಿ ತಿರುಗಿಸುವಾಗ ಅವನ ಹೆಂಡತಿ ಹೊಳೆಮ್ಮ ಬಾಗಿಲಿನ ತನಕ ಬಂದಳು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹೇಳಿದ್ದು ಇಷ್ಟೇ: "ಗುಂಪು ಬಿಟ್ಟೀನಿ ಅಂತಾನ. ದಿನಾ ಮುಂಜಾನಿ ನನ್ನ ಫೋನು ಕಸಗೊಂಡು ನೀರಪ್ಪ ಏನಂತಾನ ನೋಡ್ತಾನ."

ಪಾಳಿ ಬದಲಾಗುವ ಹಿಂದಿನ ದಿನ ಮಂದಿ ತೂಬಿನ ಹತ್ತಿರ ಸೇರಿದರು. ಬಂದಿದ್ದವರಲ್ಲಿ ಅರ್ಧ ಮಂದಿ ನೀರಿಗಾಗಿ, ಅರ್ಧ ಮಂದಿ ಶ್ರದ್ಧಾಂಜಲಿ ಅಣ್ಣನ ಮುಖ ನೋಡಲು. ಒಬ್ಬೊಬ್ಬರಾಗಿ ಇಳಿದು ಕೈ ಅದ್ದಿದರು. ಗುಂಪು ಬಿಟ್ಟಿದ್ದ ಕೆಲವರನ್ನು ಗವಿಸಿದ್ದಪ್ಪ ಅಲ್ಲೇ ಮತ್ತೆ ಸೇರಿಸಿಕೊಂಡ. ಸುಮಲತಾ ಪ್ರತಿಯೊಬ್ಬರ ಕಿವಿಯಲ್ಲೂ ಬಣ್ಣ ಹೇಳಿದಳು. ಹೊಳೆಮ್ಮ ಬಂದು ಕೈ ಅದ್ದಿ, ಕೇಳಿಸಿಕೊಂಡು, ದೊಡ್ಡ ಗುಟ್ಟು ಸಿಕ್ಕವಳ ಹಾಗೆ ಸೆರಗು ಬಿಗಿದುಕೊಂಡಳು. ಉಚ್ಚೆಂಗಪ್ಪ ದೂರದ ಬದುವಿನ ಮೇಲೆ ಕೊಡೆ ಹಿಡಿದು, ಆಡು ನೋಡಲು ಬಂದವನ ಹಾಗೆ ನಿಂತಿದ್ದ. ಆಡುಗಳು ಅಲ್ಲೆಲ್ಲೂ ಇರಲಿಲ್ಲ. ಹೆಂಡತಿ ಹತ್ತಿರ ಬಂದಾಗ ಯಾವ ಬಣ್ಣ ಎಂದು ಕೇಳಿರಬೇಕು. ಹೊಳೆಮ್ಮ ಎಲ್ಲರಿಗೂ ಕೇಳುವ ಹಾಗೆ, ಕೈ ಒದ್ದಿ ಆಗಲಾರದವ್ರಿಗೆ ಹೇಳಂಗಿಲ್ಲಂತ ಎಂದುಬಿಟ್ಟಳು.

ಮಂದಿ ನಗಲಿಲ್ಲ. ನಕ್ಕಿದ್ದರೆ ಅವನು ಮನೆಗೆ ಹೋಗುತ್ತಿದ್ದ. ಸುಮಲತಾಳೂ ಕರೆಯಲಿಲ್ಲ, ಕರೆದಿದ್ದರೂ ಹೋಗುತ್ತಿದ್ದ. ಅವಳು ಬೇರೆ ಯಾರದೋ ಕಿವಿಯಲ್ಲಿ ಬಣ್ಣ ಹೇಳುತ್ತಲೇ ಇದ್ದಳು. ಉಚ್ಚೆಂಗಪ್ಪ ಕೊಡೆ ಮಡಚಿ, ಚಪ್ಪಲಿ ಬಿಟ್ಟು, ತೂಬಿನ ಮೆಟ್ಟಿಲಿಳಿದು ಮೊಣಕೈ ತನಕ ಕೈ ಅದ್ದಿದ.

ಮರುದಿನ ಬೆಳಿಗ್ಗೆ ಮೊದಲು ಬಂದದ್ದು ಹಸಿರು ಟವಲ್ಲಿನವನು, ಬಾಟಲಿ ಹಿಡಿದು. ಯಾರೂ ಅಲುಗಲಿಲ್ಲ. ಅಭಯ ಫ್ಲೆಕ್ಸ್ ಅಂಗಡಿಯಲ್ಲಿ ಒಬ್ಬ ಲೀಡರಿನ ಕೊರಳಿಗೆ ಹಾರ ಅಂಟಿಸುತ್ತ ಫೋನನ್ನೇ ನೋಡುತ್ತಿದ್ದ. ಕನಕರಾಜ್ ಎರಡು ಸಲ ಗದರಿದ. ಆಮೇಲೆ ಗವಿಸಿದ್ದಪ್ಪ ತೂಬಿನ ಮೇಲೆ ನಿಂತು ನೀಲಿ ಟವಲ್ಲಿನ ನೀರಪ್ಪನನ್ನು ಬಿಟ್ಟ. ಕಾಲ ಮೇಲೆ ಕಾಲು, ಒಂದು ಕಿವಿ ದೊಡ್ಡದು.  ಉತ್ತರಕ್ಕೆ ಕಾಯುತ್ತ ಅಭಯ ಲೀಡರಿಗೆ ಹಾರದ ಮೇಲೆ ಇನ್ನೊಂದು ಹಾರ ಹಾಕಿದ್ದು ಅವನಿಗೇ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಿಗೆ ಹೊಳೆಮ್ಮನ ಫೋನಿನಿಂದ ಒಂದು ದನಿ ಬಂತು. ಗಂಡಸಿನ ದನಿ. ಮುಚ್ಚೀನಿ ಎಂದಿತು, ಅಷ್ಟೇ. ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಮುಚ್ಚೀನಿ ಎಂದರು. ಊಟದ ಹೊತ್ತಿಗೆ ತುದಿಯಿಂದ ನೀಲಿ ಟವಲ್ಲಿನವನು ಈಜಿದ.

ಕಿರಣ್ ಕುಮಾರ್ ಆ ಸ್ಟಿಕರನ್ನು ಇನ್ನೂ ಕೆಲವು ದಿನ ಕಳಿಸಿದ, ಯಾರೂ ತಿರುಗಿ ನೋಡದ್ದು ಕಂಡು ಬಿಟ್ಟ. ಬ್ಯಾನರುಗಳು ಹಾಗೇ ಇದ್ದವು. ಒಂದನ್ನು ಗವಿಸಿದ್ದಪ್ಪ ಮೇವಿನ ಬಣವೆಗೆ ಹೊದಿಸಿದ; ಫ್ಲೆಕ್ಸ್ ಗಟ್ಟಿ ಐತಿ, ನಿಮ್ಮ ಕೆಲಸ ಚಲೋ ಎಂದು ಅಭಯನನ್ನು ಹೊಗಳಿದ. ಅವನ ಕೆಲಸಕ್ಕೆ ಮೆಟ್ರಿಯಲ್ಲಿ ಸಿಕ್ಕ ಮೊದಲ ಮೆಚ್ಚುಗೆ ಅದು.

ಸುಮಲತಾಳ ನಾಟಿಯ ದಿನ ಅಭಯ ರಜೆ ಹಾಕಿ ಹೋದ. ಸಸಿಯ ಕಟ್ಟು ಎಸೆಯಲು ಇಳಿದು, ಮೊದಲ ಹೆಜ್ಜೆಗೇ ಕೆಸರಿನಲ್ಲಿ ಕುಳಿತು, ಹೆಣ್ಣಾಳುಗಳಿಗೆ ದಿನವಿಡೀ ಸಾಲುವಷ್ಟು ನಗು ಕೊಟ್ಟ. ಹನ್ನೆರಡರ ಬಿಸಿಲಿಗೆ ಉಚ್ಚೆಂಗಪ್ಪ ಕೊಡೆ ಹಿಡಿದು ಬದುವಿನ ಮೇಲೆ ಬಂದ. ತನ್ನ ತೂಬಿನಿಂದ ಬಿಟ್ಟುಕೊಟ್ಟ ನೀರು ನಿಜವಾಗಿಯೂ ತುದಿ ಮುಟ್ಟಿದೆಯೋ ಇಲ್ಲವೋ ನೋಡಬೇಕಿತ್ತು. ನೋಡಿದ. ಕಾಲುವೆಯ ಬಾಯಿಯಿಂದ ಹಿಡಿದು ಕೊನೆಯ ಮೂಲೆಯ ತನಕ ಎಲ್ಲಾ ಗದ್ದೆಗಳಲ್ಲೂ ನೀರು ನಿಂತಿತ್ತು.  ಆಮೇಲೆ ಮನಸ್ಸಿನಲ್ಲಿ ಎಷ್ಟು ದಿನದಿಂದ ಇಟ್ಟುಕೊಂಡಿದ್ದನೋ ಆ ಮಾ​ತನ್ನು ಎಲ್ಲರೆದುರಿಗೇ ಕೇಳಿದ.

"ಯವ್ವಾ, ಒಂದು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ. ನೀರಪ್ಪಗ ಹೊಲ ಇಲ್ಲ ಅಂತ ಊರೆಲ್ಲಾ ಹೇಳ್ಕೊಂಡು ಬಂದಿ. ಆದ್ರ ಈ ನೀರಪ್ಪ, ಈ ಟವಲ್ಲು, ಇಷ್ಟೂ ಆಟ ನಿನ್ನ ಹೊಲಕ್ಕ ನೀರು ಬರ್ಲಿ ಅಂತ ಕಟ್ಟಿದ್ದು ಹೌದೋ ಅಲ್ಲೋ?"

ನೆಡುತ್ತಿದ್ದ ಕೈಗಳು ನಿಂತವು. ಅಭಯನಿಗೆ ಕೆಸರಿನೊಳಗೆ ಇನ್ನೂ ಒಂದು ಗೇಣು ಇಳಿದುಹೋಗಬೇಕು ಅನ್ನಿಸಿತು. ಸುಮಲತಾ ಬಗ್ಗಿದ ಬೆನ್ನು ಎತ್ತಲಿಲ್ಲ. ಕೈಯಲ್ಲಿದ್ದ ಸಸಿಯನ್ನು ಊರಿ, ಇನ್ನೊಂದನ್ನು ತೆಗೆದುಕೊಂಡಳು.

"ಹೌದ್ರಿ ಮಾವಾ, ನನ್ನ ಹೊಲಕ್ಕ ಬರ್ಲಿ ಅಂತನ ಮಾಡೀನಿ. ಊರ ಉದ್ಧಾರಕ್ಕ ಅಂತ ಮಾಡಿದ್ರ ಯಾವಾಗೋ ಸಾಕಾಗಿ ಬಿಟ್ಟು ಮನೀಗೆ ಹೋಗ್ತಿದ್ದೆ."